ಕೆನೆಗಟ್ಟಿದ ನೀರು

ನಮ್ಮ ಚಿಕ್ಕಮ್ಮ ಏನನ್ನಾದರೂ ಮರೆತದ್ದನ್ನು ನಾನು ನೋಡಿಲ್ಲ, ಕ್ಷಮಿಸಿದ್ದನ್ನಂತೂ ಕೇಳಿಯೂ ಇಲ್ಲ. ಕೂದಲು ಕತ್ತರಿಸುವುದು, ತಲೆಗೆ ಎಣ್ಣೆ ತಿಕ್ಕುವುದು ಅವಳ ಕಸುಬು. ಬ್ಯೂಟಿ ಪಾರ್ಲರ್ ಅಜ್ಜಿ ಕಟ್ಟಿದ್ದು. ಅಜ್ಜಿ ತೀರಿಕೊಂಡದ್ದೇ ದೊಡ್ಡಮ್ಮ “ಹಿರಿಯಳು ನಾನು” ಎಂದು ಕೌಂಟರಿನ ಕುರ್ಚಿ ಹಿಡಿದಳು. ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ಅಲ್ಲೇ ಕೆಲಸಕ್ಕೆ ನಿಂತಳು.

ಅವಳದೆಂದು ಉಳಿದದ್ದು ಮನೆಯಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂ. ಅದರಲ್ಲಿ ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಮೀನಿನ ಜೋಡಿ. ಅವುಗಳ ಮೇಲೆ ಅವಳಿಗೆ ಪ್ರಾಣ. ಒಮ್ಮೆ ಅವಳು ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗ ದೊಡ್ಡಮ್ಮ ಅದನ್ನೂ ಹೊರಿಸಿಕೊಂಡು ಹೋಗಿ ಪಾರ್ಲರಿನಲ್ಲಿ ಇಡಿಸಿದಳು. ಕೇಳಿದರೆ, “ಮೂಲೇಲಿ ಬಿದ್ದಿತ್ತು, ಇಲ್ಲಿ ಅಂಗಡಿಗೊಂದು ಕಳೆ ಬಂತು ನೋಡು” ಎಂದಳು.

“ಇವಳನ್ನ ಸುಮ್ನೆ ಬಿಡಲ್ಲ ಕಣೇ,” ಎಂದು ಚಿಕ್ಕಮ್ಮ ಮಂಚದ ಮೇಲಿಂದಲೇ ನನಗೆ ಹೇಳಿದಳು. ನೋವಿನ ಮಾತು ಅಂದುಕೊಂಡೆ. ಅವಳನ್ನು ಬಲ್ಲ ನಾನು ಹಾಗೆ ಅಂದುಕೊಳ್ಳಬಾರದಿತ್ತು.

ಕೋಲೂರಿಕೊಂಡು ಕೆಲಸಕ್ಕೆ ಮರಳಿದ ದಿನವೇ ಅವಳು ನೀರನ್ನು ನೋಡಿದಳಂತೆ. ಆರಿದ ಹಾಲಿನ ಹಾಗೆ ಮೇಲೊಂದು ತೆಳು ಪೊರೆ. ಚಿಕ್ಕಮ್ಮನಿಲ್ಲದಾಗ ತಾನೇ ಗಿರಾಕಿಗಳ ತಲೆಗೆ ಎಣ್ಣೆ ತಿಕ್ಕಿ, ಅದೇ ಕೈಯಲ್ಲಿ ದೊಡ್ಡಮ್ಮ ಮೀನಿಗೆ ಊಟ ಹಾಕುತ್ತಿದ್ದಳು. ಗುಳುಗುಳು ಸದ್ದಿಗೆ ಗಿರಾಕಿಗಳಿಗೆ ಕಿರಿಕಿರಿಯೆಂದು, ನೀರು ಅಲುಗಿಸುವ ಪಂಪಿನ ಮೂತಿಯನ್ನು ಕೆಳಕ್ಕೆ ತಿರುಗಿಸಿದ್ದಳು. ನೀರು ಅಲುಗದು, ಪೊರೆ ಒಡೆಯದು, ಗಾಳಿ ಒಳಗಿಳಿಯದು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

“ನೋಡೇ, ನೀರು ಎಷ್ಟು ಚೆನ್ನಾಗಿ ನಿಂತಿದೆ! ಕನ್ನಡಿ ಥರ,” ಎಂದಳಂತೆ ದೊಡ್ಡಮ್ಮ.

“ಹೌದಕ್ಕ, ನಿನ್ನ ಕೈಗುಣ,” ಎಂದು ಚಿಕ್ಕಮ್ಮ ಕತ್ತರಿ ಎತ್ತಿಕೊಂಡಳು.

ಇದನ್ನೆಲ್ಲ ಅವಳೇ ಆಮೇಲೆ ಬಾಯಿ ಚಪ್ಪರಿಸುತ್ತ ನನಗೆ ಹೇಳಿದ್ದು. ಅವಳ ಲೆಕ್ಕ ಇಷ್ಟೇ: ತುಂಬಿದ ಅಂಗಡಿಯಲ್ಲಿ, ಗಿರಾಕಿಗಳ ಕಣ್ಣೆದುರು ಅಕ್ಕನ ಮಾನ ಹೋಗಬೇಕು. ಅದಕ್ಕೆ ತನ್ನ ಮೀನೇ ಸತ್ತರೂ ಸರಿ. ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಲಿ ಎಂಬ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಪಾರ್ಲರಿನಲ್ಲಿ ಚಿಕ್ಕಮ್ಮ ನನ್ನ ಕೂದಲು ಕತ್ತರಿಸುತ್ತಿದ್ದಳು. ದೊಡ್ಡಮ್ಮ ಕೂಗಿಕೊಂಡಳು. ಜೋಡಿಯ ದೊಡ್ಡ ಮೀನು ಅವಳ ಅಂಗೈಯಲ್ಲಿ ಸತ್ತು ಬಿದ್ದಿತ್ತು.

“ಏನಾಯ್ತೇ ಇದಕ್ಕೆ? ಬೆಳಿಗ್ಗೆ ಮೇಲೆ ಬಂದು ನನ್ನನ್ನೇ ನೋಡ್ತಿತ್ತಲ್ಲ!”

“ನೋಡ್ತಿರ್ಲಿಲ್ಲ ಅಕ್ಕ, ಉಸಿರಿಗೆ ಒದ್ದಾಡ್ತಿತ್ತು. ನಿನ್ನ ಕೈಯೆಣ್ಣೆ ನೀರ ಮೇಲೆ ಕೆನೆ ಕಟ್ಟಿದೆ.”

ಹೇರ್ ಡ್ರೈಯರ್ ನಿಂತಿತು. ಎಲ್ಲರೂ ಇತ್ತಲೇ ತಿರುಗಿದರು. ಚಿಕ್ಕಮ್ಮ ಕುಂಟುತ್ತ ಹೋಗಿ ಒಂದು ಟಿಶ್ಯೂ ಕಾಗದವನ್ನು ನೀರಿನ ಮೇಲೆ ಹಾಸಿ ಎತ್ತಿದಳು. ಪೊರೆ ಅದಕ್ಕೆ ಅಂಟಿಕೊಂಡು ಬಂತು. ಇನ್ನೆರಡು ಸಲ ಹಾಗೆ ಮಾಡಿ ಪಂಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿದಳು. ನೀರು ಅಲುಗಿತು. ಉಳಿದ ಮೀನು ಸ್ವಲ್ಪ ಹೊತ್ತಿಗೆ ಕೆಳಗಿಳಿಯಿತು. ಇಷ್ಟೇ ಕೆಲಸ.

“ನಿನಗೆ ಮೊದಲೇ ಗೊತ್ತಿತ್ತಾ?” ದೊಡ್ಡಮ್ಮ ಕೇಳಿದಳು.

“ಬಂದ ದಿನವೇ. ಕಿತ್ಕೊಳ್ಳೋಕೆ ಬಂತಲ್ಲ ನಿನಗೆ, ಸಾಕೋಕೆ ಬರಲಿಲ್ಲ.”

“ಇಷ್ಟು ದಿನ ನೋಡ್ತಾ ನಿಂತಿದ್ಯಾ? ನೀನು ಮನುಷ್ಯಳೇನೇ! ತಗೊಂಡು ಹೋಗು. ಮತ್ತೆ ಈ ಬಾಗಿಲಿಗೆ ಬರಬೇಡ.”

ಚಿಕ್ಕಮ್ಮ ಬಕೆಟ್ಟಿನಲ್ಲಿ ಮೀನು ಹಾಕಿಕೊಂಡು ಹೊರಟೇಬಿಟ್ಟಳು. ನನ್ನ ಕೂದಲನ್ನು ಇನ್ನೂ ಒಂದೇ ಕಡೆ ಕತ್ತರಿಸಿಯಾಗಿತ್ತು. ಆ ತಲೆ ಹೊತ್ತುಕೊಂಡೇ ಅವಳ ಹಿಂದೆ ಓಡಿದೆ.

ಆಮೇಲೆ ಆಳು ಕಳಿಸಿ ತರಿಸಿಕೊಂಡ ಅಕ್ವೇರಿಯಂ ಈಗ ಮತ್ತೆ ಅವಳ ಮನೆಯಲ್ಲಿದೆ. ಒಂದೇ ಮೀನು ಯಾಕೆಂದು ಬಂದವರು ಕೇಳಿದರೆ, “ಇನ್ನೊಂದನ್ನ ನಮ್ಮಕ್ಕ ಕೊಂದಳು” ಎಂದು ಹೆಮ್ಮೆಯಿಂದಲೇ ಹೇಳುತ್ತಾಳೆ. ಮೊನ್ನೆ ಪಕ್ಕದ ಮನೆಯವಳು ಕೇಳಿದಾಗಲೂ ಹಾಗೇ ಶುರುಮಾಡಿದಳು. ನಡುವೆ ನಿಲ್ಲಿಸಿ, ಗಾಜಿನ ಕಡೆ ನೋಡದೆ ಹೇಳಿದಳು: “ಇಬ್ಬರೂ ಸೇರಿ ಕೊಂದ್ವಿ.”