ಕುಂಕುಮ ಹಚ್ಚಿದ ಕೀಬೋರ್ಡ್

ಆಯುಧ ಪೂಜಿ ಮುಗಿದ ಮರುದಿನ ಸುರಪುರದಿಂದ ಈರಮ್ಮ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಫೋನ್ ಮಾಡಿದ್ಲು. ಆನ್‌ಲೈನ್ ಅರ್ಜಿ ತುಂಬೋ ಅಂಗಡಿ ಆಕೀದು. ವೈರ್‌ಲೆಸ್ ಕೀಬೋರ್ಡಿಂದು ಕಂಪ್ಯೂಟರಿಗೆ ಸಿಗಸೋ ಸಣ್ಣ ರಿಸೀವರ್ ಕಳದದ, ನೌಕರಿ ಅರ್ಜಿಗೆ ಇವತ್ತೇ ಕಡೀ ದಿನ ಅಂದ್ಲು. ಬ್ಯಾರೆ ಕೀಬೋರ್ಡ್ ತರತೀನಿ ಅಂದ್ರ, ಪೂಜಿ ಮಾಡಿದ್ದು ಬಿಟ್ಟು ಬ್ಯಾರೇದು ಮುಟ್ಟಂಗಿಲ್ಲಂತ. ಹೊಸ ರಿಸೀವರ್ ತಗೊಂಡು ಶಹಾಪುರದಿಂದ ಓಡಿದೆ.

ಬಾಗಲದಾಗ ಹತ್ತು ಹುಡುಗ್ಯಾರು ನಿಂತಿದ್ರು. ರಿಸೀವರ್ ಹಚ್ಚಿದೆ. ಕೀಬೋರ್ಡ್ ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ ಅಂತ ಸ್ಕ್ರೀನ್ ಮ್ಯಾಲ ಬಂತು. ಸ್ವಿಚ್ ಏನ್ ಮಾಡಿದ್ರೂ ಸರೀಲಿಲ್ಲ. ಅದರಾಗ ಪೂಜಿ ಕುಂಕುಮ ಒಣಗಿ ಕಲ್ಲಾಗಿತ್ತು. ಪಿನ್ ತಗದೆ. ಈರಮ್ಮ ಗಪ್ಪನೆ ಕೈ ಹಿಡದ್ಲು.

"ದೇವರ ಕುಂಕುಮ ಕೆರಿತೀರೇನ್ರಿ?"

"ಕೆರೀಲಿಲ್ಲಂದ್ರ ಒಂದೂ ಅರ್ಜಿ ಹೋಗಂಗಿಲ್ರಿ!" ನಾನೂ ಸಿಟ್ಟಿಲೇ ಅಂದೆ.

"ಅಕ್ಕಾ, ಐದಕ್ಕ ಬಂದ್ ಆಗ್ತದ್ರೀ," ಬಾಗಲದಾಗಿನ ಒಬ್ಬಾಕಿ ಅಳೂ ದನಿಲೇ ಅಂದ್ಲು. ಆಗಲೇ ನಾಲ್ಕೂವರಿ ಆಗಿತ್ತು.

ಈರಮ್ಮ ನನ್ನ ಕೈಯಾಗಿನ ಪಿನ್ ಕಸಗೊಂಡು ತಾನೇ ಕೆರದ್ಲು. ಉದುರಿದ ಕುಂಕುಮ ಆ ಹುಡುಗಿ ಹಣಿಗೆ ಹಚ್ಚಿದ್ಲು. ಸ್ವಿಚ್ ಸರೀತು, ಕೀಬೋರ್ಡ್ ಹೊಸ ರಿಸೀವರಿಗೆ ಕೂಡ್ತು, ಅಕ್ಷರ ಮೂಡಿದ್ವು.

ಚೀಲ ಹೆಗಲಿಗೆ ಹಾಕ್ಕೋವಾಗ ದೇವರ ಫೋಟೋ ಕಡಿ ನೋಡಿದೆ. ಬಾಡಿದ ಚೆಂಡುಹೂವಿನ ಕೆಳಗ ಹಳೀ ರಿಸೀವರ್ ಕುಂತಿತ್ತು, ತಾನೂ ಒಂದು ಬೊಟ್ಟು ಕುಂಕುಮ ಹಚ್ಕೊಂಡು. ಅದಕ್ಕೂ ಕೈ ಮುಗಿದು ಹೊರಗ ಬಂದೆ.