ದೋಣಿಗೊಂದು ನಿಂಬೆಹಣ್ಣು

ನಿಂಬೆಹಣ್ಣಿನಲ್ಲಿ ಎರಡು ಬಗೆಯೆಂದು ಆಂಧ್ರದ ಆದವಾನಿಯ ಯಾವ ಗೃಹಿಣಿಯೂ ಹೇಳಬಲ್ಲಳು: ತೆಳುಸಿಪ್ಪೆಯದು ಮಂಡಾಳು ಎಂಬ ಮಂಡಕ್ಕಿಯ ಒಗ್ಗರಣೆಯ ಮೇಲೆ ಹಿಂಡುವುದಕ್ಕೆ, ದಪ್ಪಸಿಪ್ಪೆಯದು ಹೊಸ ಗಾಡಿಯ ಚಕ್ರದಡಿ ಇಡುವುದಕ್ಕೆ. ಸಂತೆಯಲ್ಲಿ ಹಣ್ಣು ಮಾರುವಾಕೆಯಂತೂ ತಲೆಯೆತ್ತದೆ, “ತಿನ್ನಾಕೇನ್ರಿ, ತುಳಿಸಾಕೇನ್ರಿ?” ಎಂದು ಕೇಳಿಯೇ ಬುಟ್ಟಿಗೆ ಕೈಹಾಕುತ್ತಾಳೆ. ಈ ಸರಳ ಪ್ರಶ್ನೆ ಮುಂದೊಂದು ದಿನ ನೌಕಾಶಾಸ್ತ್ರದ ಸಮಸ್ಯೆಯಾಗಿ ನನ್ನ ತವರುಮನೆಯ ನಿದ್ದೆ ಕೆಡಿಸೀತೆಂದು ನನಗೆ ಹೇಗೆ ಗೊತ್ತಿರಬೇಕು ಹೇಳಿ.

ನನ್ನ ಅಣ್ಣ ಮಹಾದೇವಣ್ಣ ಹತ್ತಿಯ ವ್ಯಾಪಾರಿ. ವ್ಯಾಪಾರದಿಂದ ನಿವೃತ್ತನಾದವನು ಹಾಳುಬಿದ್ದ ಜಿನ್ನಿಂಗ್ ಮಿಲ್ಲಿನ ಶೆಡ್ಡಿನಲ್ಲಿ ಮೂವತ್ತನಾಲ್ಕು ಅಡಿಯ ಹಾಯಿದೋಣಿ ಕಟ್ಟಲು ನಿಂತ. ಜೀವಮಾನವಿಡೀ ಹತ್ತಿ ಗಾಳಿಗೆ ಹಾರದಂತೆ ಕಾದವನು ಒಮ್ಮೆಯಾದರೂ ಗಾಳಿಯ ಕೈಗೆ ಬಟ್ಟೆ ಕೊಟ್ಟು ನೋಡಬೇಕು ಎಂಬುದು ಅವನ ವಾದ. ಸಮುದ್ರವೋ, ಪೂರ್ವಕ್ಕೂ ಪಶ್ಚಿಮಕ್ಕೂ ಇಡೀ ರಾತ್ರಿಯ ಪ್ರಯಾಣದಷ್ಟು ದೂರ. ಅಣ್ಣ ಅದನ್ನೂ ಅನುಕೂಲವೆಂದೇ ಬಗೆದು, ಎರಡು ಕಡೆ ಸಮುದ್ರವಿರುವ ಊರು ಎಷ್ಟಿವೆ ಎಂದು ನಮ್ಮನ್ನೇ ಕೇಳುತ್ತಿದ್ದ. ಅವನಿಗಿದ್ದ ಆಸೆ ಒಂದೇ: ಆ ದೋಣಿಯಲ್ಲಿ ಅತ್ತಿಗೆ ಶಾಂತಮ್ಮನನ್ನು ಕೂರಿಸಿಕೊಂಡು ಸಮುದ್ರಕ್ಕೆ ಹೋಗುವುದು.

ಅತ್ತಿಗೆ ಒಂದೇ ಮಾತಿನಲ್ಲಿ ಅಡ್ಡಗಟ್ಟಿದಳು. “ಈ ಮನಿಗೆ ಬಂದ ಎಲ್ಲಾ ಗಾಡಿಗೂ ನಿಂಬಿಹಣ್ಣ ನಾನ ಇಟ್ಟೀನಿ, ಒಡದ ಮ್ಯಾಲೆ ನಾನ ಮೊದಲ ಕುಂತೀನಿ. ಇದಕ್ಕ ಗಾಲಿನ ಇಲ್ಲ. ಎಲ್ಲಿ ಇಡ್ಲಿ? ನಿಂಬಿ ಒಡೀಲಾರದ ನಾ ಹತ್ತಾಂಗಿಲ್ಲ ನೋಡ್ರಿ.”

“ಹಂಗಾದ್ರ ನೀ ಒಬ್ಬನ ಹೋಗಣ್ಣ,” ಎಂದೆ ನಾನು.

“ಆಕಿ ಇಲ್ಲದ ಅಷ್ಟು ನೀರು ತಗೊಂಡು ನಾ ಏನ್ ಮಾಡ್ಲವ್ವ ಗಿರಿಜಾ?” ಎಂದು ಅಣ್ಣ ಮುಖ ಸಪ್ಪಗೆ ಮಾಡಿಕೊಂಡ. ನನಗೆ ನಿಜಕ್ಕೂ ಪಾಪ ಅನ್ನಿಸಿತು.

ಇನ್ನು ಶಾಸ್ತ್ರದ ಮಾತು. ಹಾಯಿದೋಣಿ ಗಾಳಿಗೆ ಮಗುಚಿ ಬೀಳದಿರಲೆಂದು ಅದರ ಹೊಟ್ಟೆಯಡಿ, ನೀರಿನೊಳಗೆ, ಸೀಸ ತುಂಬಿದ ಭಾರದ ರೆಕ್ಕೆಯೊಂದು ಇರುತ್ತದೆ. ಅದರ ಉದ್ದ ಕಡಿಮೆಯಾಗಿ ಆಳ ಹೆಚ್ಚಿದ್ದರೆ ದೋಣಿ ಗಾಳಿಗೆದುರಾಗಿ ಚುರುಕಾಗಿ ಸಾಗುತ್ತದೆ, ಥಟ್ಟನೆ ತಿರುಗುತ್ತದೆ. ಮೂತಿಯಿಂದ ಬಾಲದವರೆಗೆ ಉದ್ದಕ್ಕಿದ್ದರೆ ನಿಧಾನ, ಆದರೆ ಹಿಡಿದ ದಾರಿ ಬಿಡುವುದಿಲ್ಲ. ಜಗತ್ತಿನ ನಾವಿಕರು ಇದರ ಬಗ್ಗೆ ತಲೆತಲಾಂತರದಿಂದ ಜಗಳವಾಡುತ್ತಿದ್ದಾರಂತೆ. ನಮ್ಮ ಮನೆಯಲ್ಲಿ ಮಾತ್ರ ಅದು ಒಂದು ಮಧ್ಯಾಹ್ನ ಊಟದೆಲೆಯ ಮುಂದೆ ತೀರ್ಮಾನವಾಯಿತು: ಉದ್ದನೆಯ ರೆಕ್ಕೆಯಾದರೆ ಮುಂದೊಂದು ಹಿಂದೊಂದು ನಿಂಬೆಹಣ್ಣು ಇಡಬಹುದು. ಉದ್ದನೆಯದೇ ಆಯಿತು.

ಹೊರಡಿಸುವ ದಿನ ಅತ್ತಿಗೆ ದಪ್ಪಸಿಪ್ಪೆಯವನ್ನೇ ಆರಿಸಿ ತಂದು ಇಟ್ಟಳು, ಕಾಯಿ ಒಡೆಯಿತು, ಕ್ರೇನ್ ಬಂತು. ಬಂದ ಕ್ರೇನು ದೋಣಿಯನ್ನು ಮುಂದಕ್ಕೊಯ್ಯದೆ ನೆಟ್ಟಗೆ ಆಕಾಶಕ್ಕೆ ಎತ್ತಿಬಿಡಬೇಕೆ! ನಿಂಬೆಹಣ್ಣುಗಳು ಇಟ್ಟಲ್ಲೇ ನಗುತ್ತ ಕೂತಿದ್ದವು. ಅಣ್ಣ ಗೋಗರೆದು ದೋಣಿಯನ್ನು ಮತ್ತೆ ಅವುಗಳ ಮೇಲೆ ಇಳಿಸಿದಾಗ ಒಡೆದವು ನಿಜ, ಆದರೆ ಅತ್ತಿಗೆ ಒಪ್ಪಲಿಲ್ಲ. “ಇದು ಜಜ್ಜಿದಂಗಾತು, ಹೊಂಟಂಗ ಆಗ್ಲಿಲ್ಲ,” ಎಂದಳು.

ಊರಾಚೆಯ ಕೆರೆ ಆ ವರ್ಷ ತುಂಬಿತ್ತು; ಸಮುದ್ರಕ್ಕೆ ಮೊದಲು ದೋಣಿಯನ್ನು ಅಲ್ಲೇ ಇಳಿಸಿ ನೋಡುವುದೆಂದಾಯಿತು. ಹಾಯಿ ಬಿಚ್ಚಿದ ಅಣ್ಣನೂ, ಧೈರ್ಯಕ್ಕಿಂತ ಕುತೂಹಲವೇ ಹೆಚ್ಚಿದ್ದ ನಾನೂ ದೋಣಿಯಲ್ಲಿ. ಮಡಿಲಲ್ಲಿ ಹೊಸ ನಿಂಬೆಹಣ್ಣಿಟ್ಟುಕೊಂಡ ಅತ್ತಿಗೆ ಏರಿಯ ಮೇಲೆ. ಗಾಳಿ ತುಂಬಿ ದೋಣಿ ಒಂದು ಮಗ್ಗುಲಿಗೆ ವಾಲಿದ್ದೇ ತಡ, ಏರಿಯ ಜನ “ಪಡಿಪೋತಾಂದಿ, ಪಡಿಪೋತಾಂದಿ!” ಎಂದು ತೆಲುಗಿನಲ್ಲಿ ಬೊಬ್ಬೆಯಿಟ್ಟರು. ವಾಲುವುದು ಅದರ ನಡಿಗೆ, ಬೀಳುವುದಲ್ಲ ಎಂದು ಅಣ್ಣ ಕೂಗಿದ್ದು ಯಾರಿಗೂ ಕೇಳಲಿಲ್ಲ. ಗಾಳಿಗೆ ನೇರ ಎದುರಾಗಿ ಹೋಗಲಾಗದ್ದರಿಂದ ಅತ್ತ ಓರೆ, ಇತ್ತ ಓರೆ ಮಾಡುತ್ತ ಏರಿಯತ್ತ ಬಂದೆವು. ಆ ಉದ್ದನೆಯ ರೆಕ್ಕೆ ತಿರುಗಲು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಮೊರ ಅಕ್ಕಿ ಆರಿಸಿ ಮುಗಿಸಬಹುದಿತ್ತು. ಕೊನೆಗೆ ಅತ್ತಿಗೆಯ ಮುಖ ಕಾಣುವಷ್ಟು ಹತ್ತಿರದಲ್ಲಿ ಕೆಸರಿಗೆ ಸಿಕ್ಕಿ ನಿಂತೆವು.

“ಒಂದು ಅಂಚಿಗೆ ಭಾರ ಬಿದ್ದು ಓರೆ ಆದ್ರ ಬಿಡ್ತೈತಿ. ನಾವಿಬ್ಬರೂ ಸಾಲಂಗಿಲ್ಲ. ಶಾಂತಾ, ಬಾರ!” ಅಣ್ಣ ಏರಿಯತ್ತ ಕೈಬೀಸಿ ಕರೆದ.

ಅತ್ತಿಗೆ ಮೀನುಗಾರನೊಬ್ಬನ ದುಂಡನೆಯ ಹರಿಗೋಲಿನಲ್ಲಿ ಕೂತಳು. ಅದಕ್ಕೂ ಗಾಲಿಯಿರಲಿಲ್ಲ, ಹಿಂದುಮುಂದು ಕೂಡ ಇರಲಿಲ್ಲ. ಗಂಡ ನೀರಿನ ನಡುವೆ ಸಿಕ್ಕಿದ್ದಾಗ ಅದು ಅವಳಿಗೆ ನೆನಪಾಗಲಿಲ್ಲವೆಂದು ಕಾಣುತ್ತದೆ. ದೋಣಿಯ ಹತ್ತಿರ ಬಂದಾಗ ನೆನಪಾಯಿತು. ಮಡಿಲಿನ ನಿಂಬೆಹಣ್ಣನ್ನು ತೆಗೆದು, ಕಣ್ಣಿಗೊತ್ತಿಕೊಂಡು, ದೋಣಿಯ ಮೂತಿಯ ಮುಂದೆ ನೀರಿಗೆ ಹಾಕಿ, “ಇಟ್ಟೀನಿ ನೋಡ್ರಿ, ಒಡಸೂದು ನಿಮ್ಮ ಕೆಲಸ,” ಎಂದು ಹತ್ತಿ ಅಂಚಿನಲ್ಲಿ ಕೂತಳು. ಅತ್ತಿಗೆಯ ದೇಹ ಸಾಕಷ್ಟು ಸಮೃದ್ಧವಾದದ್ದು. ದೋಣಿ ವಿನಯದಿಂದ ವಾಲಿತು, ಕೆಸರು ಬಿಟ್ಟಿತು, ಗಾಳಿ ಹಿಡಿಯಿತು.

ನಿಂಬೆಹಣ್ಣು ಒಡೆಯಲಿಲ್ಲ. ನೀರಿಗೆ ಹಾಕಿದ ನಿಂಬೆಹಣ್ಣು ತೇಲುತ್ತದೆಂಬುದು, ದಿನಾ ಅದನ್ನು ತೊಳೆಯುವ ನಮಗಿಬ್ಬರಿಗೂ ಹೊಳೆದಿರಲಿಲ್ಲ. ದೋಣಿಯ ಮೂತಿ ತಳ್ಳಿದ ಅಲೆಯ ಮೇಲೆ ಅದು ಕುಣಿಯುತ್ತ ಮುಂದೆ ಮುಂದೆ ಹೋಯಿತು: ಹಾಯಿಯಿಲ್ಲ, ಚುಕ್ಕಾಣಿಯಿಲ್ಲ, ಸೀಸದ ರೆಕ್ಕೆಯಿಲ್ಲ, ಮಗುಚುವ ಭಯವೂ ಇಲ್ಲ. ಅಣ್ಣ ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಇಳಿಯುತ್ತೇನೆಂದರೆ ಸಮುದ್ರದ ಮಾತು ಅಲ್ಲಿಗೇ ಮುಗಿಯಿತು. ಅತ್ತಿಗೆ ಸೆರಗು ಬಿಗಿದು, ಹಣ್ಣಿನ ಮೇಲೇ ಕಣ್ಣಿಟ್ಟು ಹೇಳಿದಳು:

“ನಡ್ರಿ ಮತ್ತ. ಅದು ಒಡಿಯೂ ತನ ಹೋಗೂನು.”

ಈಗ ಸಂತೆಯಾಕೆ ಎಂದಿನಂತೆ “ತಿನ್ನಾಕೇನ್ರಿ, ತುಳಿಸಾಕೇನ್ರಿ?” ಎಂದು ಕೇಳಿದರೆ ನಾನು ತಬ್ಬಿಬ್ಬಾಗುತ್ತೇನೆ. ಸಮುದ್ರಕ್ಕೆ ಹೊರಡಲು ಅತ್ತಿಗೆ ಒಂದು ಬುಟ್ಟಿ ನಿಂಬೆಹಣ್ಣು ತರಿಸಿದ್ದಾಳೆ. ಅದರಲ್ಲಿ ಎರಡು ಬಗೆಯವೂ ಬೆರೆತುಹೋಗಿವೆ.