ಕಿಟಕಿಯಾಚೆಯ ಕೂಸು

ಮೊನ್ನೆ ಶಿಕಾರಿಪುರದಲ್ಲಿ ಬಾಣಂತಿಯೊಬ್ಬಳನ್ನು ನೋಡಲು ಹೋದಾಗ ಬಾಗಿಲಲ್ಲೇ ಕೈಗೆ ಸ್ಯಾನಿಟೈಸರ್ ಸುರಿದರು. ಆ ಘಾಟು ಮೂಗಿಗೆ ಬಡಿದದ್ದೇ, ಶಿರಾಳಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು...

ಸೊರಬದ ಕಡೆಯವಳು. ಪಾತ್ರೆ ಅಂಗಡಿ ಇಟ್ಟಿದ್ದ ಸ್ವಂತ ಸೋದರಮಾವನನ್ನೇ ಮದುವೆಯಾಗಿ ಬಂದಿದ್ದಳು. ಹೀಗಾಗಿ ಅವಳ ಅತ್ತೆಯೆಂದರೆ ಅವಳ ತಾಯಿಯ ತಾಯಿ; ಮದುವೆಯಾದ ಮೇಲೂ ಅಜ್ಜಿ ಎಂದೇ ಕರೆಯುತ್ತಿದ್ದಳು. ಮೊಮ್ಮಗಳು ಹೊರಗಿನವರ ಮನೆ ಸೇರಿ ಕಷ್ಟಪಡುವುದು ಬೇಡವೆಂದು ಅಜ್ಜಿಯೇ ಹಟ ಹಿಡಿದು ಮಾಡಿಸಿದ ಮದುವೆ ಅದು.

ಮೊದಲ ಗಂಡುಕೂಸು ಹಲ್ಲು ಮೂಡುವ ಮುಂಚೆಯೇ ಕೆಮ್ಮು, ಭೇದಿಯಿಂದ ಹೋಯಿತು. ಯಾರೋ ದೃಷ್ಟಿಯೆಂದರು, ಯಾರೋ ಹರಕೆ ತೀರಿಸಿಲ್ಲವೆಂದರು. ಎರಡನೆಯದು ಹೆಣ್ಣು. ಕೆಲವೇ ತಿಂಗಳಲ್ಲಿ ಅದರ ಬಾಯಲ್ಲೂ ಅಣ್ಣನಿಗೆ ಕಂಡಿದ್ದಂಥದೇ ಬಿಳಿ ಪದರ ಕಾಣಿಸಿತು. ಈ ಸಲ ಅಕ್ಕ ಯಾರ ಮಾತಿಗೂ ಕಾಯಲಿಲ್ಲ. ಕೂಸನ್ನೆತ್ತಿಕೊಂಡು ಶಿವಮೊಗ್ಗಕ್ಕೆ ಹೋದಳು, ಅಲ್ಲಿಂದ ಬೆಂಗಳೂರಿಗೆ.

ವಾಪಸು ಬಂದು ನನಗೆ ತಿಳಿಸಿ ಹೇಳಿದವಳೂ ಅವಳೇ. ರೋಗದೊಂದಿಗೆ ಕಾದಾಡುವ ಟಿ ಕೋಶಗಳ ಮೇಲೆ ರೋಗಾಣುವಿನ ಗುರುತು ಹಿಡಿಯುವ ಗ್ರಾಹಕಗಳು ಇರುತ್ತವಂತೆ. ಕೂಸಿಗೆ ಅವು ಹುಟ್ಟಿನಿಂದಲೇ ಸರಿಯಾಗಿ ಕಟ್ಟಿಕೊಂಡಿರಲಿಲ್ಲ. ಗಂಡ ಹೆಂಡತಿ ಒಂದೇ ರಕ್ತದವರಾದ್ದರಿಂದ ಇಬ್ಬರಲ್ಲೂ ಸದ್ದಿಲ್ಲದೆ ಅಡಗಿದ್ದ ಒಂದೇ ಜೀನಿನ ದೋಷ ಎರಡೂ ಕಡೆಯಿಂದ ಇಳಿದು ಬಂದಿತ್ತು. ಬೇರೆಯವರ ಅಸ್ಥಿಮಜ್ಜೆ ಹಾಕಿದರೆ ಉಳಿದೀತು. ತಂದೆಯದನ್ನೇ ಹಾಕಬಹುದೆಂದರು, ಆದರೆ ಮೊದಲು ಎದೆಯ ಸೋಂಕು ಇಳಿಯಬೇಕಿತ್ತು.

ಅಲ್ಲಿಯವರೆಗೆ ಕೂಸನ್ನು ಮುಂದಿನ ಕೋಣೆಯಲ್ಲಿಟ್ಟುಕೊಂಡು ಅಕ್ಕ ಬಾಗಿಲು ಹಾಕಿಕೊಂಡಳು; ಹೊಸ್ತಿಲಲ್ಲಿ ಸದಾ ಸ್ಯಾನಿಟೈಸರ್ ಘಾಟು. ನೆಂಟರು ಕಿಟಕಿಯ ಗಾಜಿನ ಮೂಲಕವೇ ನೋಡಿ ಹೋಗಬೇಕು. ಕೆಲವರು ಮುನಿಸಿಕೊಂಡರು. ಅಜ್ಜಿ ಮಾತ್ರ ಹೊರಗೆ ಕುಳಿತು ಜೋಗುಳ ಹಾಡುತ್ತಿದ್ದಳು. ಅಕ್ಕ ಎತ್ತಿ ಹಿಡಿದರೆ ಕೂಸು ಗಾಜಿಗೆ ಅಂಗೈ ಒತ್ತಿ ನಗುತ್ತಿತ್ತು... ಆ ಅಂಗೈ ಅಜ್ಜಿಗೆ ಮುಟ್ಟಲು ಸಿಗಲೇ ಇಲ್ಲ.

ಒಂದು ಸಂತೆಯ ದಿನ ಜ್ವರ ಏರಿತು. ಬೆಂಗಳೂರಿನ ಆಸ್ಪತ್ರೆಯಿಂದ ಅವರು ಬರಿಗೈಯಲ್ಲಿ ಮರಳಿದರು.

ಅಜ್ಜಿ ಊಟ ಬಿಟ್ಟಳು. ಡಾಕ್ಟರು ಹೇಳಿದ್ದು ಅವಳಿಗೂ ಅರ್ಥವಾಗಿತ್ತು. ನಾನು ಗಂಜಿ ಮಾಡಿಕೊಂಡು ಹೋದ ಮಧ್ಯಾಹ್ನ, ಅವಳು ಅಕ್ಕನ ಕೈ ಹಿಡಿದು, "ನಿಮ್ಮಿಬ್ರನ್ನ ಕೂಡ್ಸಿದಾಕಿ ನಾನೇ ಅಲ್ಲೇನವ್ವಾ?" ಎಂದಳು.

ಅಕ್ಕನ ಮನಸ್ಸಿನಲ್ಲಿ ಸಿಟ್ಟೇ ಇರಲಿಲ್ಲವೆಂದು ನಾನು ಹೇಳಲಾರೆ. ಆದರೂ ಗಂಜಿಯ ಬಟ್ಟಲು ಎತ್ತಿಕೊಂಡಳು. "ನಾನು ಕಣ್ಮುಂದೆ ಇರ್ಲಿ ಅಂತ ನೀ ಮಾಡ್ದೆ. ನಿಂಗೇನು ಗೊತ್ತಿತ್ತು ಅಜ್ಜಿ... ಕುಡಿ," ಎಂದು ಒಂದೊಂದೇ ಚಮಚ ಕುಡಿಸಿದಳು.

ಅಜ್ಜಿ ಹೆಚ್ಚು ಕಾಲ ಬದುಕಲಿಲ್ಲ. ಅಂಗಡಿ ಮುಚ್ಚಿ ಗಂಡ ಹೆಂಡತಿ ಸೊರಬಕ್ಕೆ ಹೋದರು. ಅಕ್ಕನ ತಂಗಿಯನ್ನು ಸಂಬಂಧದೊಳಗೇ ಕೊಡುವ ಮಾತು ಬಂದಾಗ, ಹಿರಿಯರೆಲ್ಲ ಕುಳಿತಿದ್ದ ಕಡೆಗೇ ಬಂದು ಅಕ್ಕ ಬೇಡವೆಂದಳಂತೆ. ಆ ತಂಗಿಯ ಮಕ್ಕಳು ಈಗ ಶಾಲೆಗೆ ಹೋಗುತ್ತಾರೆ. ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ.

ಬಾಣಂತಿಯನ್ನು ನೋಡಿ ಬಂದ ಮೇಲೆ ತಡೆಯಲಾಗದೆ ನಾನು ಸೊರಬಕ್ಕೆ ಹೋದೆ. ನನ್ನನ್ನು ಕರೆದೊಯ್ಯಲು ಅಕ್ಕ ಬಸ್‌ಸ್ಟ್ಯಾಂಡಿಗೆ ಬಂದಿದ್ದಳು. ತಲೆ ನೆರೆತಿದೆ. ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತ ಹೆಂಗಸೊಬ್ಬರು ಅವಳನ್ನು ಮಾತಿಗೆಳೆದಿದ್ದರು.

"ಮಕ್ಕಳೆಷ್ಟು ರೀ?"

"ಇಬ್ರು ರೀ," ಎಂದಳು ಅಕ್ಕ. "ಒಂದು ಗಂಡು, ಒಂದು ಹೆಣ್ಣು."

ಏನು ಓದುತ್ತಾರೆಂದು ಆ ಹೆಂಗಸು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು...